ಟ್ರಯಲ್

ಸ್ಕ್ರೂಡ್ರೈವರಿನ ಹಿಡಿ ಕಿವಿಗೆ,
ಮೊನೆ ಎಂಜಿನ್ನಿನ ಹೊಟ್ಟೆಗೆ.
ಮೂವತ್ತೊಂದು ವರ್ಷ ಹೀಗೇ ನಾಡಿ ಹಿಡಿದವನು ನಾನು.
ಟ್ಯಾಪೆಟ್ ಸಡಿಲವೋ, ಎಣ್ಣೆ ಮುಟ್ಟದೆ
ಪಿಸ್ಟನ್ನಿನ ಗಂಟಲು ಒಣಗಿತೋ,
ಗಿರಾಕಿ ಬಾಯಿ ತೆರೆಯುವ ಮೊದಲೇ ಹೇಳುತ್ತಿದ್ದೆ.
ಗಾಡಿ ಬಂಡಿಮಠದ ತಿರುವಿನಲ್ಲಿರುವಾಗಲೇ
ಇದು ಪಾಸ್ಕಲನ ಬುಲೆಟ್ಟು,
ಇದು ಹಮೀದಬ್ಬನ ಮೀನಿನ ಎಂ-ಎಯ್ಟಿ.
ಸಿಪ್ರಿಯನ್ನನ ಕಿವಿಗೆ ಕಣ್ಣುಂಟು
ಎನ್ನುತ್ತಿತ್ತು ಕಾರ್ಕಳ.

ಈಗ ಬ್ಯಾಂಕಿನ ಸನ್ಮತಿ ಮೇಡಂ
ಅಂಗಡಿ ಎದುರು ಬಿಟ್ಟುಹೋದ ಇದನ್ನು
ಏನೆಂದು ಕೇಳಲಿ?
ಗಿಳಿಹಸಿರು ಬಣ್ಣ, ಬೆನ್ನಿಗೊಂದು ಬ್ಯಾಟರಿ,
ಪೆಡಲೂ ಉಂಟು, ತಿರುವಿದರೆ ತಾನೇ ಓಡುವುದೂ ಉಂಟು.
"ಹಿಂದಿನ ಬ್ರೇಕು ಒಂಚೂರು ನೋಡಿ,
ಸಂಜೆ ಬರ್ತೇನೆ."
ಬ್ರೇಕಿಗೆ ಹತ್ತು ನಿಮಿಷ ಸಾಕಾಯಿತು.
ಟ್ರಯಲ್ ನೋಡದೆ ಗಾಡಿ ಕೊಡುವ ಕ್ರಮ ಮಾತ್ರ
ನನ್ನಲ್ಲಿಲ್ಲ.

ಹೊರಟೆ. ಹೊರಟದ್ದು ನನಗೇ ಗೊತ್ತಾಗಲಿಲ್ಲ.
ಬದಿಯ ಬಳೆ ಅಂಗಡಿ ಹಿಂದಕ್ಕೆ ಸರಿಯುವಾಗ
ಅಂಗಡಿಯೇ ಎಲ್ಲಿಗೋ ಹೋಗುತ್ತಿದೆಯೆಂದು ಒಂದು ಕ್ಷಣ.

ಆನೆಕೆರೆಯ ದಂಡೆಗೆ ಬಂದರೆ
ನೀರಿನ ನಡುವೆ ಬಸದಿ, ನಿನ್ನೆ ಇದ್ದಲ್ಲೇ.
ಆದರೆ ಈ ಕೆರೆ ಮಾತಾಡುತ್ತದೆಂದು
ಯಾರು ಹೇಳಿದ್ದರು ನನಗೆ?
ಕಲ್ಲಿನ ಸಂದಿಗೆ ನೀರು ನಾಲಿಗೆ ಹಾಕಿ ತೆಗೆಯುವುದು,
ಒದ್ದೆ ರೆಕ್ಕೆಯನ್ನು ನೀರುಕಾಗೆ
ಚಾಪೆಯ ಹಾಗೆ ಕೊಡವುವುದು,
ಬೆಂಚಿನ ಮೇಲೆ ಕಾಲೇಜಿನ ಇಬ್ಬರು,
"ನಿನ್ನ ಅಮ್ಮನಿಗೆ ಹೇಳಿದ್ಯಾ?"
"ಇನ್ನೂ ಇಲ್ಲ."
ಕೇಳಿಯೇ ಬಿಟ್ಟಿತು, ತಪ್ಪು ನನ್ನದಲ್ಲ.
ಇಷ್ಟು ವರ್ಷ ನನಗಿಂತ ಮೊದಲೇ ನನ್ನ ಸದ್ದು ಬಂದು
ಎಲ್ಲರ ಬಾಯಿ ಮುಚ್ಚಿಸುತ್ತಿತ್ತು.

ಅಲ್ಲಿಗೇ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ.
ಗೊಮ್ಮಟನ ಬೆಟ್ಟದ ಬುಡ ಬಳಸಿ
ಮುಳಿಹುಲ್ಲಿನ ನಡುವೆ ದನ ಹೋದ ದಾರಿ,
ಚಕ್ರದಡಿ ಜಲ್ಲಿ ಹುರಿಗಡಲೆ ಅಗಿಯುತ್ತಿತ್ತು.
ತರಗೆಲೆ ಗುಡಿಸುತ್ತಿದ್ದ ಕಲ್ಯಾಣಿಯಕ್ಕ
ಎದೆ ಹಿಡಿದು ಹಾರಿದಳು:
"ಪ್ರೇತದ ಹಾಗೆ ಬರ್ತೀಯಲ್ಲ ಮಾರಾಯ,
ಒಂದು ಕೆಮ್ಮಾದರೂ ಕೆಮ್ಮು!"
ಆಮೇಲೆ ತಿರುವು ತಿರುವಿಗೂ ಕೆಮ್ಮುತ್ತ ಹೋದೆ,
ಐವತ್ತೆಂಟು ವರ್ಷ ಹಳೆಯ ಹಾರ್ನು.

ರಾಮಸಮುದ್ರದ ಮೆಟ್ಟಿಲಲ್ಲಿ ನಿಲ್ಲಿಸಿದೆ.
ಗಾಳಿಯೂ ನಿಂತಿತು.
ಆಗ ಕೇಳಿತು:
ಸಪೂರ ಒಂದು ಸಿಳ್ಳೆ, ಕುಕ್ಕರು ಕೂಗುವ ಮೊದಲಿನದು.
ಕೀ ತೆಗೆದೆ. ನಿಲ್ಲಲಿಲ್ಲ.
ಜೇಬಿನ ಸ್ಕ್ರೂಡ್ರೈವರು ಮೋಟಾರಿಗಿಟ್ಟೆ, ಏನಿಲ್ಲ.
ಕರಿಬಂಡೆಗೂ ಇಟ್ಟೆ, ಯಾರಾದರೂ ನೋಡಿದ್ದರೆ
ಸಿಪ್ರಿಯನ್ನನ ನಟ್ಟೂ ಸಡಿಲವಾಯಿತೆನ್ನುತ್ತಿದ್ದರು.
ಬಂಡೆ ತಣ್ಣಗೆ, ಸುಮ್ಮಗೆ.

ಕೊನೆಗೆ ಬೆರಳಿಂದ ಎಡಗಿವಿ ಮುಚ್ಚಿದೆ.
ಸಿಳ್ಳೆ ಜೋರಾಯಿತು.

ಐಡ್ಲಿಂಗಿನಲ್ಲಿ ಬಿಟ್ಟುಹೋದ ಗಾಡಿ,
ಯಾರದೋ, ಯಾವ ವರ್ಷದ್ದೋ.
ಟಿವಿ ಇಷ್ಟು ಜೋರೇಕೆಂದು ಫಿಲೊಮಿನಾ ಬಯ್ಯುವಾಗ
ಟಿವಿಯ ಸ್ಪೀಕರನ್ನೇ ದೂರಿದ್ದೆನಲ್ಲ.
ಸಾವಿರ ಗಾಡಿ ರಿಪೇರಿಯಾಗಿ ಹೋದವು,
ತಮ್ಮ ತಮ್ಮ ಕಾಯಿಲೆಯ ಒಂದೊಂದು ಹನಿ
ಇಲ್ಲಿ ಜಮೆ ಮಾಡಿ.
ಎಲ್ಲರಿಗಿಂತ ಮೊದಲು ಕೇಳುತ್ತಿದ್ದವನಿಗೆ
ಇದು ಕೇಳಲು
ಸದ್ದಿಲ್ಲದ ಗಾಡಿಯೇ ಬರಬೇಕಾಯಿತು.

ಮೀನೊಂದು ಹಾರಿ ಬಿತ್ತು.
ಅದು ಬಲಗಿವಿಗೆ ಸ್ಪಷ್ಟ ಕೇಳಿತು.
ಇನ್ನೊಮ್ಮೆ ಹಾರೀತೆಂದು ಕಾದೆ, ಬೀಡಿ ಮುಗಿಯುವವರೆಗೆ.

ವಾಪಸು ಬರುವಾಗ ಏರಿನ ಅರ್ಧಕ್ಕೆ
ಬ್ಯಾಟರಿಯ ಕೊನೆಯ ಗೆರೆಯೂ ಆರಿತು.
ತುಳಿದೆ. ಈಗ ಸದ್ದು ಬಂತು, ನನ್ನದೇ ಉಸಿರು.
ಟ್ಯಾಪೆಟ್ ಸಡಿಲ, ಎಂದುಕೊಂಡೆ,
ಎಂಜಿನ್ ಬಿಚ್ಚುವಷ್ಟಿಲ್ಲ.

ಮೇಡಂ ಆಗಲೇ ಬಂದು ಕೂತಿದ್ದರು.
"ಬ್ರೇಕು?"
"ಸರಿಯಾಗಿದೆ."
"ಚಾರ್ಜು ಪೂರ್ತಿ ಇತ್ತಲ್ಲ?"
"ಟ್ರಯಲ್ ಮೇಡಂ. ಕರೆಂಟಿನ ದುಡ್ಡು
ಬಿಲ್ಲಿನಲ್ಲಿ ಕಳೆಯುತ್ತೇನೆ."
ನಕ್ಕರು, ಎಡಬದಿಯಿಂದ ಇನ್ನೇನೋ ಕೇಳಿದರು.
ನಾನು ಬಲಗಿವಿ ತಿರುಗಿಸಿದೆ.